ರೀಡು ಬಿದ್ದರೆ ಹಾಜರಿ

ಒಂದು ರೀಡಿಗೆ ಅರ್ಧ ದಿನದ ಕೂಲಿ. ದಿನಾ ಊದಿದರೆ ಮೂರು ವಾರ ಬರುತ್ತದೆ, ಆಮೇಲೆ ತುದಿ ಸೀಳಿ ತುಟಿಗೆ ಚುಚ್ಚುತ್ತದೆ. ಕ್ಲಾರಿನೆಟ್ಟಿನ ಪ್ಯಾಡು ಬದಲಿಸಬೇಕೆಂದರೆ ನಾಲ್ಕು ದಿನದ ಕೂಲಿ. ಕಪ್ಪು ಶೂ ಸ್ವಂತದ್ದೇ ಆಗಬೇಕು, ಅದಕ್ಕೆ ಎರಡು ದಿನದ್ದು. ಕೆಂಪು ಕೋಟು ಊಟದ ಹಾಲ್‌ನವರದು, ಆದರೆ ಒಗೆಸುವ ಲೆಕ್ಕ ಅಂತ ತಿಂಗಳಿಗೆ ಒಂದು ದಿನದ್ದು ಹಿಡಿಯುತ್ತಾರೆ. ಅದನ್ನು ಒಗೆದದ್ದು ಕಂಡವರಿಲ್ಲ. ಹಿಂದೆ ತೊಟ್ಟವನ ಬೆವರು ಕಂಕುಳಲ್ಲಿ ಉಪ್ಪುಗಟ್ಟಿ ನಿಂತಿರುತ್ತದೆ. ಒಂದೂವರೆ ಕೋಣೆಯ ಮನೆಗೆ ಬಾಡಿಗೆ ಹನ್ನೊಂದು ದಿನದ ಕೂಲಿ. ತಿಂಗಳಿಗೆ ಕೆಲಸ ಸಿಗುವುದು ಹೆಚ್ಚೆಂದರೆ ಹದಿನೈದು ದಿನ.

ಈ ಲೆಕ್ಕದಲ್ಲಿ ಇಳಿದಿರುವ ಖರ್ಚು ಒಂದೇ, ರೀಡಿನದು. ಕ್ಲಾರಿನೆಟ್ಟಿನ ಪೀಪಿಯಕ್ಕ ಆರು ವರ್ಷದಿಂದ ಒಂದೇ ರೀಡಿನಲ್ಲಿ ಕಾಲ ತಳ್ಳಿದ್ದಾಳೆ. ಊದದ ರೀಡು ಸವೆಯುವುದಿಲ್ಲ.

ರೀಡು ಅಂದರೆ ಬೆರಳುದ್ದದ ಒಂದು ಬೆತ್ತದ ಸೀಳು. ಕ್ಲಾರಿನೆಟ್ಟಿನ ಬಾಯಿಗೆ ಅದನ್ನಿಟ್ಟು ಪಟ್ಟಿ ಬಿಗಿದರೆ, ಉಸಿರು ತಾಗಿ ಅದೇ ನಡುಗಿ ಸ್ವರ ಹುಟ್ಟಿಸುತ್ತದೆ. ಅದನ್ನು ತೆಗೆದುಬಿಟ್ಟರೆ ಕ್ಲಾರಿನೆಟ್ ಒಂದು ಕರಿ ಕೊಳವೆ. ಎಷ್ಟು ಊದಿದರೂ ಒಲೆ ಊದಿದ ಹಾಗೆ ಬುಸ್ ಅನ್ನುತ್ತದೆ, ಅಷ್ಟೇ. ದೂರದಿಂದ ನೋಡಿದವರಿಗೆ ರೀಡು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಲ್‌ನವರಿಗೆ ಬೇಕಾಗಿದ್ದೂ ಅದೇ.

ಹಾಲ್‌ಗೆ ಎರಡು ಬಾಗಿಲು. ಮುಂದಿನದು ಗಾಜಿನದು, ಊಟಕ್ಕೆ ಬರುವವರಿಗೆ. ವಾದ್ಯದವರು ಬರುವುದು ಹಿಂದಿನಿಂದ, ಕಸದ ಡ್ರಮ್ಮುಗಳ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ, ಪಾತ್ರೆ ತೊಳೆಯುವ ಕೋಣೆಯೊಳಗಿಂದ. ಲಿಫ್ಟ್ ಇದೆ. ಅದು ಊಟದ ತಟ್ಟೆಗಳಿಗೆ. ತಟ್ಟೆಗಳು ಮೇಲೆ ಹೋಗಿ ಕೆಳಗೆ ಬರುತ್ತವೆ. ಪೀಪಿಯಕ್ಕನ ತಮ್ಮ ದೊಡ್ಡ ಡ್ರಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಅಂತಸ್ತು ಹತ್ತುತ್ತಾನೆ.

ಪಾತ್ರೆ ಕೋಣೆಯ ಬಾಗಿಲಲ್ಲಿ ಮ್ಯಾನೇಜರ್ ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿರುತ್ತಾನೆ. ಕ್ಲಾರಿನೆಟ್ಟಿನವರು, ಸ್ಯಾಕ್ಸೋಫೋನಿನವರು ಸಾಲಾಗಿ ಬಂದು ತಮ್ಮ ತಮ್ಮ ರೀಡನ್ನು ಆ ಡಬ್ಬಿಗೆ ಹಾಕಬೇಕು. ಟಕ್ ಅಂತ ಸದ್ದಾಗಬೇಕು. ರೀಡು ಬಿದ್ದರೆ ಹಾಜರಿ. ಬೀಳದಿದ್ದರೆ ಕೂಲಿ ಇಲ್ಲ. 'ನಾನು ರೀಡೇ ತಂದಿಲ್ಲ ಸಾರ್' ಅಂದರೆ ನಂಬುವುದಿಲ್ಲ, ಎಲ್ಲೋ ಬಚ್ಚಿಟ್ಟಿದ್ದಾನೆ ಅಂತ ವಾಪಸ್ ಕಳಿಸುತ್ತಾನೆ. ಟ್ರಂಪೆಟ್ಟಿನವರಿಗೆ ವಾದ್ಯದ ಬಾಯೊಳಗೆ ಮೇಣದ ಬಿರಡೆ. ಡ್ರಮ್ಮಿನವರಿಗೆ ಚರ್ಮದ ಕೆಳಗೆ ಸಿಕ್ಕಿಸಿದ ಸ್ಪಂಜು. ಹಾಡುವುದು ಮೆಷಿನ್. ಇವರ ಕೆಲಸ ಊದಿದ ಹಾಗೆ, ಬಡಿದ ಹಾಗೆ ಕಾಣುವುದು. ಮುಗಿದ ಮೇಲೆ ರೀಡು ವಾಪಸ್ ಕೊಡುತ್ತಾನೆ, ಕೂಲಿಯ ಜೊತೆಗೆ.

ಡಬ್ಬಿ ಬಂದದ್ದು ಆರು ವರ್ಷದ ಹಿಂದೆ. ಒಬ್ಬ ಸ್ಯಾಕ್ಸೋಫೋನಿನವನು ಅಭ್ಯಾಸಬಲದಿಂದ ನಡುವೆ ನಿಜವಾಗಿ ಒಂದು ಸ್ವರ ಊದಿಬಿಟ್ಟ. ಊಟಕ್ಕೆ ಕೂತವರೆಲ್ಲ ಗೊಳ್ಳೆಂದರು. ಅವನು ಆಮೇಲೆ ಕಾಣಲಿಲ್ಲ. ಮಾರನೇ ದಿನವೇ ಡಬ್ಬಿ ಬಂತು.

"ಜನಕ್ಕೆ ಕಣ್ಣಿಗೆ ಮನುಷ್ಯರು ಬೇಕು," ಅಂದಿದ್ದ ಮ್ಯಾನೇಜರ್ ಅವತ್ತು. "ಕಿವಿಗೆ ಮೆಷಿನ್ ಸಾಕು."

"ಸಾರ್, ಊಟ ಮಾತ್ರ ನಿಜವಾದದ್ದೇ ಕೊಡ್ತೀರೋ, ಇಲ್ಲ ಅದನ್ನೂ ತಿಂದ ಹಾಗೆ ಮಾಡ್ಬೇಕೋ?" ಅಂತ ಕೇಳಿದ್ದು ಬೂರುಗಲ್ಲ. ಟ್ರಂಪೆಟ್ ಊದಿ ಊದಿ ಅವನ ಕೆನ್ನೆ ಎರಡೂ ಜೋಲಿ ಚೀಲದ ಹಾಗಾಗಿವೆ, ಅದಕ್ಕೇ ಆ ಹೆಸರು. ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ ನಕ್ಕ. ಅವತ್ತು ವಾದ್ಯದವರಿಗೆ ಊಟ ಬರಲಿಲ್ಲ.

ಇನ್ನು ಮೆಷಿನ್‌ನಲ್ಲಿ ಬರುವ ಕ್ಲಾರಿನೆಟ್ ಯಾರದು ಅಂತ ಹೇಳಬೇಕು. ಪೀಪಿಯಕ್ಕನದೇ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಮೂವತ್ತೈದು. ಹೆಂಗಸು ಕ್ಲಾರಿನೆಟ್ ಊದುವುದೇ ಒಂದು ತಮಾಷೆಯಾಗಿತ್ತು. ಪೀಪಿಯಕ್ಕ ಅನ್ನುವ ಹೆಸರು ಬಂದದ್ದೂ ಗಂಡಸರು ಆಡಿಕೊಂಡು. ಆಡಿಕೊಂಡವರೇ ಆಮೇಲೆ ಅವಳು ಊದಲು ನಿಂತರೆ ಬೀಡಿ ಆರಿಸಿ ಕೇಳುತ್ತಿದ್ದರು. ಒಂದು ದಿನ ಹಾಲ್‌ನ ಯಜಮಾನ, ಎಲ್ಲರನ್ನೂ ರೆಕಾರ್ಡು ಮಾಡೋಣ, ನೆನಪಿಗಿರಲಿ ಅಂದ. ಗೋಡೆಗೆಲ್ಲ ರಜಾಯಿ ಹೊಡೆದ ಒಂದು ಕೋಣೆ. ಫ್ಯಾನ್ ಹಾಕುವಂತಿಲ್ಲ, ಸದ್ದಾಗುತ್ತದೆ. ಬೆಳಿಗ್ಗೆಯಿಂದ ಸಂಜೆತನಕ ಊದಿದರು. ಬೆವರು ಕೀಲಿಗಳ ಮೇಲೆ ಹರಿದು ಬೆರಳು ಜಾರುತ್ತಿತ್ತು. ಎಲ್ಲ ಟ್ಯೂನು ಮುಗಿದ ಮೇಲೆ ಯಜಮಾನ ಹೇಳಿದ, "ಕೊನೆಗೊಂದು ನಿಧಾನದ್ದು ಇರಲಿ, ಕ್ಲಾರಿನೆಟ್ ಒಂದೇ ಸಾಕು." ಅವಳು ಅಪ್ಪ ಕಲಿಸಿದ್ದನ್ನು ಊದಿದಳು. ಮುಗಿದಾಗ ಆ ಸೆಕೆಯಲ್ಲಿ ಯಾರೂ ಅಲ್ಲಾಡಲಿಲ್ಲ. ತಮ್ಮ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ ಅವಳು ಕೇಳಲಿಲ್ಲ.

ಕೊಟ್ಟದ್ದು ಒಂದು ದಿನದ ಕೂಲಿ, ಒಂದು ಊಟ. ಅವಳಿಗೆ ಅದು ಕಡಿಮೆ ಅನಿಸಲಿಲ್ಲ. ನನ್ನದನ್ನು ರೆಕಾರ್ಡು ಮಾಡಿದ್ದಾರೆ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಈಗ ಯಜಮಾನನಿಗೆ ನಾಲ್ಕು ಹಾಲ್. ಮೂರರಲ್ಲಿ ಮನುಷ್ಯರೇ ಇಲ್ಲ, ಬರೀ ಮೆಷಿನ್. ನಾಲ್ಕರಲ್ಲೂ ಒಂದೇ ಹೊತ್ತಿಗೆ ಅವಳ ಕ್ಲಾರಿನೆಟ್ ಊದುತ್ತದೆ. ಕೂಲಿ ಬರುವುದು ಒಂದರದ್ದು. ಅದೂ ಊದಿದ್ದಕ್ಕಲ್ಲ, ನಿಂತದ್ದಕ್ಕೆ.

ಊದದೆ ನಿಲ್ಲುವುದು ಸುಮ್ಮನೆ ಅಂದುಕೊಳ್ಳಬೇಡಿ. ಊದುವಾಗ ಉಸಿರಿಗೆ ಒಂದು ತಡೆ ಸಿಗುತ್ತದೆ, ಮೈ ಅದರ ಮೇಲೆ ಒರಗಿಕೊಳ್ಳುತ್ತದೆ. ರೀಡಿಲ್ಲದ ಕೊಳವೆಯಲ್ಲಿ ಉಸಿರು ಹೋದದ್ದು ಹೋದ ಹಾಗೇ. ತಲೆ ತಿರುಗುತ್ತದೆ. ಉಸಿರು ಬಿಗಿಹಿಡಿದು ಕೆನ್ನೆ ಉಬ್ಬಿಸಬೇಕು, ಕಣ್ಣು ಮುಚ್ಚಿ ತೆರೆಯಬೇಕು, ಮೆಷಿನ್ ಎಲ್ಲಿ ಏರುತ್ತದೋ ಅಲ್ಲಿ ಭುಜ ಏರಿಸಬೇಕು. ಮೂರು ಗಂಟೆ ಮುಗಿಯುವ ಹೊತ್ತಿಗೆ ಸೊಂಟ ಕಲ್ಲು. ತುಟಿ ಮಾತ್ರ ವರ್ಷದಿಂದ ವರ್ಷಕ್ಕೆ ಮೆತ್ತಗಾಗುತ್ತ ಬಂತು. ಊದುವವರ ತುಟಿಯೊಳಗೆ ಒಂದು ಗಡಸು ಇರುತ್ತದೆ. ಅವಳದು ಕರಗಿಹೋಗಿತ್ತು. ನಾಲಿಗೆಯಿಂದ ತಡಕಿದರೆ ಸಿಗುತ್ತಿರಲಿಲ್ಲ.

ಒಂದು ಬುಧವಾರ ಮ್ಯಾನೇಜರ್ ಡಬ್ಬಿಯ ಮುಚ್ಚಳ ಹಾಕುತ್ತ ಅವಳನ್ನು ಪಕ್ಕಕ್ಕೆ ಕರೆದ.

"ಅಮ್ಮ, ನಿಮಗೆ ವಯಸ್ಸಾಯ್ತು."

"ಆಯ್ತು. ಹೋದ ವರ್ಷಾನೂ ಆಗಿತ್ತು."

"ಹಾಗಲ್ಲ. ಈಗ ಊಟಕ್ಕೆ ಬಂದೋರೆಲ್ಲ ಫೋನ್ ಹಿಡಿದು ಸ್ಟೇಜಿನ ವಿಡಿಯೋ ತೆಗೀತಾರೆ. ನಿಮ್ಮನ್ನ ಹಿಂದಿನ ಸಾಲಿಗೆ ಹಾಕಿದ್ರೂ ಕಾಣ್ತೀರ. ನಿಮ್ಮ ತಮ್ಮನ ಮಗಳು ಇದಾಳಲ್ಲ, ಲಕ್ಷಣವಾಗಿದಾಳೆ. ಶನಿವಾರದಿಂದ ಅವಳು ಬರ್ಲಿ."

"ಅವಳು ಇನ್ನೂ ಕಲೀತಿದಾಳೆ."

"ಕಲಿಯೋದೇನಿದೆ ಇದರಲ್ಲಿ? ಹಿಡಿಯೋಕೆ ಬಂದ್ರೆ ಸಾಕು." ಅವನು ಕೆಟ್ಟವನ ಹಾಗೆ ಮಾತಾಡುತ್ತಿರಲಿಲ್ಲ. ತರಕಾರಿ ಆರಿಸುವವನ ಹಾಗೆ ಮಾತಾಡುತ್ತಿದ್ದ. "ಮನೆ ಕೂಲಿ ಮನೆಗೇ ಬರುತ್ತೆ. ನಿಮ್ಮ ಕೋಟು ಒಂಚೂರು ಹಿಡಿಸಿದ್ರೆ ಅವಳಿಗೆ ಸರಿಹೋಗುತ್ತೆ. ಶುಕ್ರವಾರ ಮಧ್ಯಾಹ್ನ ನಿಮ್ಮ ಕೊನೇ ಪ್ರೋಗ್ರಾಮು. ಅವಳನ್ನೂ ಕರ್ಕೊಂಡ್ ಬನ್ನಿ, ಅಳತೆ ತಗೊಳ್ಳಲಿ."

"ಮತ್ತೆ ಮೆಷಿನ್‌ನಲ್ಲಿರೋದು?"

"ಅದು ಇರುತ್ತೆ. ಅದಕ್ಕೇನು ವಯಸ್ಸಾಗುತ್ತಾ?"

ಅವಳು ಮನೆಗೆ ಬಂದು ಸ್ಟವ್ ಹಚ್ಚಿದಳು. ಮದುವೆಯಾಗದ ಹೆಂಗಸು, ತಮ್ಮನ ಹೆಂಡತಿ ಸತ್ತ ಮೇಲೆ ಹುಡುಗಿಯನ್ನು ಸಾಕಿದವಳು. ನಾಲ್ಕು ವರ್ಷದಿಂದ ಅಡುಗೆ ಮೂಲೆಯಲ್ಲೇ, ತಾನು ಊದದೆ ಬಾಯಲ್ಲೇ ಸ್ವರ ಹೇಳಿಕೊಟ್ಟು, ಅವಳಿಗೆ ಊದಲು ಕಲಿಸುತ್ತಿದ್ದಳು. ಪಕ್ಕದ ಮನೆಯವರು ಬೈಯುತ್ತಾರೆ ಅಂತ ಬಾಗಿಲಿಗೆ ಒದ್ದೆ ಟವಲ್ಲು ಕಟ್ಟಿ. ವಾದ್ಯ ಒಂದೇ, ರೀಡು ಬೇರೆ ಬೇರೆ. ಹುಡುಗಿಯ ಉಸಿರು ಚೆನ್ನಾಗಿತ್ತು. ತನಗಿಂತ ಚೆನ್ನಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಮ್ಯಾನೇಜರ್ ಅಂದದ್ದನ್ನು ತಿಳಿಸಿ, "ಹೋಗ್ಬೇಡ ನೀನು," ಅಂದಳು ಪೀಪಿಯಕ್ಕ ಹುಡುಗಿಗೆ.

"ಹೋಗ್ದೆ?" ಅಂದ ತಮ್ಮ, ಮೂಲೆಯಿಂದ. "ಊದೋರನ್ನ ಎಲ್ಲಿ ಕರೀತಾರೆ ಅಕ್ಕ? ಹೇಳು, ನಾನೇ ಬಿಟ್ಟು ಬರ್ತೀನಿ."

ಅವಳಿಗೆ ಒಂದು ಜಾಗವೂ ಹೊಳೆಯಲಿಲ್ಲ. ರೆಕಾರ್ಡಿಂಗ್ ಕೋಣೆಗಳು ಮುಚ್ಚಿ ಗೋದಾಮಾಗಿದ್ದವು. ಬೀದಿ ಬ್ಯಾಂಡಿನವರು ಸ್ಪೀಕರ್ ಕಟ್ಟಿದ ಗಾಡಿ ತಳ್ಳುತ್ತಿದ್ದರು. ಫೋನಿನಲ್ಲಿ ಹಾಕಿದರೆ ಕಾಸು ಬರುತ್ತದಂತೆ ಅಂತ ಬೂರುಗಲ್ಲ ತನ್ನ ಟ್ರಂಪೆಟ್ಟನ್ನು ಹಾಕಿ ನೋಡಿದ್ದ. ವರ್ಷಕ್ಕೆ ಬಂದದ್ದು ಒಂದು ಟೀಗೆ ಸಾಲಲಿಲ್ಲ. 'ಅರ್ಧ ಟೀ ಕುಡಿದೆ ಅಕ್ಕ, ಮಿಕ್ಕರ್ಧ ಮುಂದಿನ ವರ್ಷ' ಅಂದಿದ್ದ.

"ನೀನು ಏನಂತೀಯೇ?" ಅಂತ ಹುಡುಗಿಯನ್ನು ಕೇಳಿದಳು.

ಹುಡುಗಿ ಉಗುರು ಕಚ್ಚುತ್ತಿದ್ದಳು. "ನೀನು ಆರು ವರ್ಷ ಹೋಗಿಲ್ವಾ ಅತ್ತೆ?"

ಆ ಮಾತು ಪೀಪಿಯಕ್ಕನ ಎದೆಗೆ ನಾಟಿತು. ರಾತ್ರಿಯ ಪಾತ್ರೆ ತೊಳೆಯುತ್ತಲೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಶುಕ್ರವಾರ ಊದುತ್ತೇನೆ. ಆ ನಿಧಾನದ ಟ್ಯೂನನ್ನು. ಎಲ್ಲರೂ ಕೇಳುತ್ತಾರೆ. ಈ ಹುಡುಗಿ ಕೇಳುತ್ತಾಳೆ. ಒಂದು ಸಲ ಕಿವಿಯಾರೆ ಕೇಳಿದರೆ, ಆಮೇಲೆ ಅವಳ ಕೈ ಆ ಬರೀ ಕೊಳವೆಯನ್ನು ಹಿಡಿಯಲಾರದು.

ಟ್ರಂಕಿನ ತಳದಲ್ಲಿ ಅಪ್ಪನ ಕಾಲದ ಒಂದು ಒಳ್ಳೆಯ ರೀಡು ಇತ್ತು. ಶುಕ್ರವಾರ ತಲೆ ಬಾಚಿ ತುರುಬು ಕಟ್ಟುವಾಗ ಅದನ್ನು ಕೂದಲೊಳಗೆ ಸೇರಿಸಿ ಎರಡು ಪಿನ್ನು ಚುಚ್ಚಿದಳು. ಹಾಲ್‌ನ ಹಿಂಬಾಗಿಲಲ್ಲಿ ತನ್ನ ಹಳೆಯ ರೀಡನ್ನು ಡಬ್ಬಿಗೆ ಹಾಕಿದಳು. ಟಕ್. ಹಾಜರಿ ಬಿತ್ತು.

ಯಾವುದೋ ಕಂಪನಿಯ ಊಟ. ಬಿಳಿ ಬಟ್ಟೆಯ ಮೇಜುಗಳು. ಹುಡುಗಿಯನ್ನು ಪಾತ್ರೆ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ದರ್ಜಿಯೊಬ್ಬ ಭುಜಕ್ಕೆ ಟೇಪು ಹಿಡಿದಿದ್ದ. ಅಲ್ಲಿಂದ ಸ್ಟೇಜು ಚೆನ್ನಾಗಿ ಕಾಣುತ್ತಿತ್ತು. ಕಂಪನಿಯ ದೊಡ್ಡ ಮನುಷ್ಯ ಎದ್ದು ನಿಂತು ಏನೋ ಮಾತಾಡುವಾಗ ಪೀಪಿಯಕ್ಕ ಶೂ ಕಟ್ಟುವವಳ ಹಾಗೆ ಸ್ಟ್ಯಾಂಡಿನ ಹಿಂದೆ ಬಗ್ಗಿದಳು. ತುರುಬಿನಿಂದ ರೀಡು ತೆಗೆದಳು. ಬಾಯಿಗೆ ಹಾಕಿ ನೆನೆಸಿದಳು. ಕೂದಲೆಣ್ಣೆಯ ರುಚಿ, ಅದರ ಕೆಳಗೆ ಬೆತ್ತದ ರುಚಿ. ಆರು ವರ್ಷದಿಂದ ನಾಲಿಗೆಗೆ ತಾಗದಿದ್ದದ್ದು. ಪಟ್ಟಿಯ ಸ್ಕ್ರೂ ಮೊದಲ ಸಲ ಕೂರಲಿಲ್ಲ. ಮತ್ತೆ ತಿರುಗಿಸಿದಳು. ಕೂತಿತು.

ತಮ್ಮ ನೋಡಿದ. ಅವನ ಕೋಲು ಗಾಳಿಯಲ್ಲೇ ನಿಂತಿತು.

"ಅಕ್ಕ," ಅಂದ ಹಲ್ಲು ಕಚ್ಚಿ. "ಬೇಡ."

"ಸ್ಪಂಜು ತೆಗಿ," ಅಂದಳು ಅವಳು.

ಚಪ್ಪಾಳೆ ಬಿತ್ತು. ಮೆಷಿನ್ ನಿಧಾನದ ಟ್ಯೂನು ಎತ್ತಿಕೊಂಡಿತು. ಅವಳು ಎದೆ ತುಂಬ ಉಸಿರು ಎಳೆದು ಊದಿದಳು.

ಸ್ವರ ಬಂತು. ತುಂಬು ಸ್ವರವೇ ಬಂತು. ಆದರೆ ಮೆಷಿನ್‌ನ ಸ್ವರದ ಪಕ್ಕದಲ್ಲಿ ಅದು ಕುಂಟುವ ಕಾಲಿನ ಹಾಗೆ ಕೆಳಗಿತ್ತು. ಎರಡೂ ಕೂಡಲಿಲ್ಲ. ಒಂದನ್ನೊಂದು ಉಜ್ಜಿ ತಗಡಿನ ಮೇಲೆ ಮೊಳೆ ಎಳೆದ ಹಾಗಾಯಿತು. ಅವಳು ತುಟಿ ಬಿಗಿ ಹಿಡಿದು ಏರಿಸಲು ನೋಡಿದಳು. ಏರಲಿಲ್ಲ. ಕೊಳವೆ ಗಿಡ್ಡವಾದರೆ ಸ್ವರ ಏರೀತೆಂದು ಒಂದು ಕೈಯಲ್ಲಿ ಅದರ ಜೋಡಣೆಯನ್ನು ಒಳಕ್ಕೆ ಅದುಮಿದಳು. ಅದು ಆಗಲೇ ಪೂರ್ತಿ ಒಳಗಿತ್ತು. ಹಲ್ಲು ಊರಿ ರೀಡನ್ನು ಕಚ್ಚಿದಳು. ಮೆತ್ತಗಾಗಿದ್ದ ತುಟಿ ಒಳಗೆ ಒಡೆಯಿತು. ಬಾಯಲ್ಲಿ ಉಪ್ಪು. ಆದರೂ ಅರ್ಧ ಸ್ವರ ಕೆಳಗೇ.

ಮುಂದಿನ ಮೇಜಿನವನೊಬ್ಬ ಚಮಚ ಕೆಳಗಿಟ್ಟು ಕಿವಿಗೆ ಬೆರಳು ಹಾಕಿದ. ಮಗುವೊಂದು ನಕ್ಕಿತು. ಫೋನುಗಳು ಎದ್ದವು.

"ಆ ಹೆಂಗಸಿಗೆ ಹುಷಾರಿಲ್ವಾ?" ಅಂದರು ಯಾರೋ.

ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಮೆಷಿನ್ ಹಿಂದೆ ಓಡುವುದನ್ನು ಬಿಟ್ಟಳು. ತುಟಿ ಸಡಿಲಿಸಿ ಅಪ್ಪ ಕಲಿಸಿದ ಶ್ರುತಿಯಲ್ಲೇ, ಅಪ್ಪ ಕಲಿಸಿದ ನಡೆಯಲ್ಲೇ ಊದಿದಳು. ಮೆಷಿನ್ ಅವಳನ್ನು ಬಿಟ್ಟು ಮುಂದೆ ಹೋಯಿತು. ಅದರ ಸದ್ದು ಇನ್ನೂ ಏರಿತು. ಯಾರೋ ಏರಿಸಿದರು. ತಮ್ಮನ ಕೋಲು ಸ್ಪಂಜು ಕೂತ ಡ್ರಮ್ಮಿನ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು, ಮೆಷಿನ್‌ನ ತಾಳಕ್ಕೆ. ಬೂರುಗಲ್ಲ ಕೆನ್ನೆ ಉಬ್ಬಿಸಿಕೊಂಡು ನೆಲ ನೋಡುತ್ತಿದ್ದ. ಟ್ಯೂನು ಇನ್ನೂ ಅರ್ಧ ಇರುವಾಗ ಅವಳ ಉಸಿರು ಮುಗಿಯಿತು. ಆರು ವರ್ಷ ಖಾಲಿ ಊದಿದ ಪುಪ್ಪುಸ. ಅಷ್ಟೇ ಇತ್ತು ಅದರಲ್ಲಿ.

ಮ್ಯಾನೇಜರ್ ರಟ್ಟೆ ಹಿಡಿದು ಎಳೆದ.

"ಕೈ ಬಿಡು," ಅಂದಳು. ಮೊದಲ ಸಲ ಏಕವಚನದಲ್ಲಿ. ಆಮೇಲೆ ಮೇಜುಗಳ ಕಡೆ ತಿರುಗಿ, ಬಾಯೊರೆಸಿಕೊಂಡು, ಸ್ಪೀಕರ್‌ನತ್ತ ಕೈ ತೋರಿಸಿದಳು. "ಅದು ನಾನು. ಅಲ್ಲಿ ಊದ್ತಿರೋದು ನಾನು."

ಮುಂದಿನ ಮೇಜಿನ ಹೆಂಗಸೊಬ್ಬಳು, ಕೆಟ್ಟ ಮನಸ್ಸಿನವಳೇನಲ್ಲ, ನಗು ತಡೆಯಲಾರದೆ ಕೇಳಿದಳು, "ಹಾಗಾದ್ರೆ ಈಗ ಇಲ್ಲಿ ಊದಿದ್ದು ಯಾರಮ್ಮ?"

ಇಡೀ ಹಾಲ್ ನಕ್ಕಿತು. ಮೆಷಿನ್ ಊದುತ್ತಲೇ ಇತ್ತು.

ಪಾತ್ರೆ ಕೋಣೆಯಲ್ಲಿ ಮೆಷಿನ್ ನೋಡಿಕೊಳ್ಳುವವನು ಅವಳಿಗೆ ನೀರು ತಂದುಕೊಟ್ಟ. ಪಾಪ, ನಲವತ್ತು ದಾಟಿದವನು, ಹಿಂದೆ ಅವನೂ ಕೀಬೋರ್ಡ್ ಬಾರಿಸುತ್ತಿದ್ದವನೇ.

"ಅಕ್ಕ, ನನ್ನನ್ನೊಂದು ಮಾತು ಕೇಳ್ಬಾರದಿತ್ತಾ? ಆ ರೆಕಾರ್ಡನ್ನ ಮೂರು ವರ್ಷದ ಹಿಂದೆ ನಾನೇ ಸ್ವಲ್ಪ ಬೇಗ ಓಡೋ ಹಾಗೆ ಮಾಡಿದೆ. ಹಳೇದು ಎಳೆಯುತ್ತೆ, ಚುರುಕು ಮಾಡು ಅಂದ್ರು. ಓಡಿಸಿದ್ರೆ ಸ್ವರಾನೂ ಮೇಲೆ ಹೋಗುತ್ತೆ. ನಿಮ್ಮ ಕ್ಲಾರಿನೆಟ್ ಎಲ್ಲಿಂದ ಮುಟ್ಟಬೇಕು ಅದನ್ನ?"

ಅವಳು ನೀರು ಮುಕ್ಕಳಿಸಿ ಉಗುಳಿದಳು. ತೊಟ್ಟಿಯಲ್ಲಿ ಕೆಂಪು. ಮೂರು ವರ್ಷ ಅದರ ಮುಂದೆ ನಿಂತಿದ್ದಳು. ಬೆರಳು ಅದರ ಓಟಕ್ಕೆ ಹೊಂದಿಕೊಂಡುಬಿಟ್ಟಿತ್ತು, ಕಿವಿಯೂ. ತನ್ನ ಸ್ವರವನ್ನು ಅದರ ಪಕ್ಕದಲ್ಲಿಟ್ಟು ಕೇಳುವ ಅವಕಾಶವೇ ಇರಲಿಲ್ಲ. ಊದಿದವಳು ಸರಿ, ಮೆಷಿನ್ ತಪ್ಪು. ಅದು ಗೊತ್ತಿದ್ದವರು ಈಗ ಇಬ್ಬರು. ಒಬ್ಬ ಮೆಷಿನ್ ಕಡೆಯವನು.

"ಹೊರಗೆ ಹೇಳು ಹೋಗಿ," ಅಂದಳು.

"ಹೇಳಿದ್ರೆ ನಾಳೆ ನಾನೂ ಮೆಟ್ಟಿಲಿಳಿಯಬೇಕು ಅಕ್ಕ," ಅಂದ. ಲೋಟ ತೆಗೆದುಕೊಂಡು ಹೋದ.

ಮ್ಯಾನೇಜರ್ ಬಂದು ಬೈಯಲಿಲ್ಲ. ಇವತ್ತಿನ ಕೂಲಿ ಇಲ್ಲ ಅಂದ. ಡಬ್ಬಿಯಲ್ಲಿರುವ ರೀಡು ವಾಪಸ್ ಇಲ್ಲ ಅಂದ. ಹುಡುಗಿಗೆ ಮೊದಲ ವಾರ ಅರ್ಧ ಕೂಲಿ, ಅತ್ತೆ ಮಾಡಿದ್ದಕ್ಕೆ ಅಂದ. ತಮ್ಮ ಆಗಲಿ ಅಂತ ತಲೆಯಾಡಿಸಿದ. ಹುಡುಗಿ ಕೋಟು ಹಾಕಿಕೊಂಡೇ ನಿಂತಿದ್ದಳು. ತೋಳಿನ ಹೊಲಿಗೆಯಲ್ಲಿ ಗುಂಡುಪಿನ್ನುಗಳಿದ್ದವು.

ಮೂವರೂ ಮನೆಗೆ ಹೊರಟರು. ಬೀದಿ ತಿರುವಿನಲ್ಲಿ ಪೀಪಿಯಕ್ಕ ತಮ್ಮನನ್ನು ಕೇಳಿದಳು, "ಸ್ಪಂಜು ತೆಗೀಬಾರದಿತ್ತೇನೋ?"

"ತೆಗೆದು?" ಅಂದ ತಮ್ಮ. "ತೆಗೆದು ಅಕ್ಕ? ಇಬ್ಬರೂ ಸೇರಿ ನಗಿಸ್ಬೇಕಿತ್ತಾ?"

ಮಾರನೇ ಬೆಳಿಗ್ಗೆ ಹುಡುಗಿ ಬೇಗ ಎದ್ದು ಸ್ನಾನ ಮಾಡಿದಳು. ಕನ್ನಡಿಯ ಮುಂದೆ ನಿಂತು ತುರುಬು ಕಟ್ಟಿದಳು, ಅತ್ತೆಯ ಹಾಗೆಯೇ. ಕೋಟಿನ ಗುಂಡಿ ಹಾಕಿಕೊಂಡಳು. ಆಮೇಲೆ ಬಂದು ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಅತ್ತೆ, ನಿನ್ನೆಯ ರೀಡು ಕೊಡ್ತೀಯಾ?"

ಪೀಪಿಯಕ್ಕ ಎದ್ದು ಕೂತಳು. ತುಟಿ ಊದಿ ಮಾತು ತೊದಲುತ್ತಿತ್ತು. ಕೇಳಿಸಿದೆ ಇವಳಿಗೆ. ಆ ಬಾಗಿಲಲ್ಲಿ ನಿಂತು ಇವಳೊಬ್ಬಳಾದರೂ ಕೇಳಿಸಿಕೊಂಡಿದ್ದಾಳೆ. ದಿಂಬಿನ ಕೆಳಗಿನಿಂದ ರೀಡು ತೆಗೆದಳು. ಸೆರಗಿನಿಂದ ಒರೆಸಿದಳು.

"ಪಿನ್ನು ಎರಡು ಹಾಕು, ಒಂದು ಸಾಲದು," ಅಂದಳು ಅವಸರದಲ್ಲಿ. "ಬಾಯಲ್ಲಿ ಚೆನ್ನಾಗಿ ನೆನೆಸು. ಕಚ್ಚಬೇಡ, ನಾನು ಕಚ್ಚಿ ಕೆಟ್ಟೆ. ಮೆಷಿನ್ ಹಿಂದೆ ಹೋಗ್ಬೇಡ. ಅದು ನಿಲ್ಲುತ್ತಲ್ಲ, ಒಂದು ಟ್ಯೂನಿಗೂ ಇನ್ನೊಂದಕ್ಕೂ ನಡುವೆ, ಆಗ ಊದು. ನಿನ್ನ ಉಸಿರು ನನ್ನದಕ್ಕಿಂತ ದೊಡ್ಡದು ಕಣೇ. ನಿಜವಾಗ್ಲೂ. ನಾನು ಹೇಳಿರಲಿಲ್ಲ."

ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ಊದೋಕಲ್ಲ ಅತ್ತೆ. ಡಬ್ಬಿಗೆ ಹಾಕೋಕೆ."

"ನಿಂದು?"

"ನಂದು ಊದಿ ಊದಿ ಸೀಳಿದೆ. ಸೀಳಿದ್ದನ್ನ ಹಾಕಿದ್ರೆ ಒಪ್ಪಲ್ವಂತೆ, ಒಳ್ಳೇದನ್ನ ಬಚ್ಚಿಟ್ಟಿದೀಯ ಅಂತಾರಂತೆ. ನಿನ್ನ ಹಳೇದು ಅವರ ಹತ್ರಾನೇ ಉಳೀತು. ಹೊಸದು ತರೋಕೆ ಅರ್ಧ ದಿನದ ಕೂಲಿ ಬೇಕು. ಈ ವಾರ ಬರೋದೇ ಅರ್ಧ."

ತಮ್ಮ ಬಾಗಿಲಲ್ಲಿ ಡ್ರಮ್ಮು ಕಟ್ಟಿಕೊಂಡು ನಿಂತಿದ್ದ. ಈ ಕಡೆ ತಿರುಗಲಿಲ್ಲ.

ಪೀಪಿಯಕ್ಕ ರೀಡನ್ನು ಹುಡುಗಿಯ ಅಂಗೈಯಲ್ಲಿಟ್ಟಳು. ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನೂ ಅವಳೇ ಎತ್ತಿ ಕೊಟ್ಟಳು.

ಮನೆಯ ಬಾಡಿಗೆಗೆ ದಾರಿ ಉಳಿಯಿತು. ಅವಳ ಕೆಲಸ ಹೋಯಿತು, ವಾದ್ಯ ಹೋಯಿತು, ಅಪ್ಪನ ರೀಡು ಡಬ್ಬಿಗೆ ಹೋಯಿತು. ಅಂದು ಮಧ್ಯಾಹ್ನ ನಾಲ್ಕು ಹಾಲ್‌ಗಳಲ್ಲೂ ಅವಳ ಕ್ಲಾರಿನೆಟ್ ಊದಿತು, ಅರ್ಧ ಸ್ವರ ಮೇಲೆ. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.